ಬೂಟಿಗೆ ತಕ್ಕಂತೆ ಕಾಲು ಕತ್ತರಿಸಿಕೊಂಡ ಕಂಪನಿ: ಹುವಾವೆ ಪ್ರಕರಣ

2000ನೇ ಇಸವಿಯ ಸೆಪ್ಟೆಂಬರ್ 1. ಚೀನಾದ ಶೆನ್‌ಜೆನ್ ನಗರದ ಕ್ರೀಡಾಂಗಣದಲ್ಲಿ ಸಾವಿರಾರು ಎಂಜಿನಿಯರುಗಳು ಸೇರಿದ್ದರು. ಆಯ್ದ ಕೆಲವರನ್ನು ವೇದಿಕೆಗೆ ಕರೆದು ಬಹುಮಾನ ಕೊಡುತ್ತಿದ್ದರು. ಬಹುಮಾನವೆಂದರೆ ಕೆಟ್ಟುಹೋದ ಸರ್ಕ್ಯೂಟ್ ಬೋರ್ಡುಗಳು, ಗೋದಾಮಿನಲ್ಲಿ ಬಿದ್ದಿದ್ದ ಉಪಯೋಗಕ್ಕೆ ಬಾರದ ಬಿಡಿಭಾಗಗಳು, ಜೊತೆಗೆ ಬಳಸಿ ಮುಗಿದ ವಿಮಾನದ ಟಿಕೆಟ್ಟುಗಳು. ತಾವು ವಿನ್ಯಾಸ ಮಾಡಿದ ಬೋರ್ಡು ಗ್ರಾಹಕರ ಹತ್ತಿರ ಕೈಕೊಟ್ಟಾಗ ಅದನ್ನು ಸರಿಪಡಿಸಲು ಊರೂರು ಹಾರಿದ ಟಿಕೆಟ್ಟುಗಳವು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತೇವಲ್ಲ, ಅದನ್ನು ಅಕ್ಷರಶಃ ಕಟ್ಟುಹಾಕಿಸಿ ಕೈಗೆ ಕೊಟ್ಟಂತೆ. ಮನೆಯಲ್ಲಿ ಕಣ್ಣಿಗೆ ಬೀಳುವ ಕಡೆ ಇಟ್ಟುಕೊಳ್ಳಿ ಎಂಬ ಸಲಹೆಯೂ ಇತ್ತು.

ಈ ಸಭೆ ಮಾಡಿದ್ದು ಮುಳುಗುತ್ತಿದ್ದ ಕಂಪನಿಯಲ್ಲ. ಟೆಲಿಕಾಂ ಉಪಕರಣ ತಯಾರಿಸುವ ಹುವಾವೆ ಆ ವರ್ಷ 2,200 ಕೋಟಿ ಯುವಾನ್ ವಹಿವಾಟು ಮಾಡಿತ್ತು. ಐದು ವರ್ಷ ಹಿಂದೆ, 1995ರಲ್ಲಿ, ಅದು 150 ಕೋಟಿ ಇತ್ತು. ಇಷ್ಟು ಬೆಳೆದ ಮೇಲೆ ತನ್ನದೇ ಎಂಜಿನಿಯರುಗಳನ್ನು ಸಾವಿರಾರು ಜನರ ಮುಂದೆ ನಾಚಿಸುವ ಅಗತ್ಯ ಏನಿತ್ತು? ಈ ಪ್ರಕರಣದ ಗಂಟು ಇರುವುದು ಅಲ್ಲೇ ಎಂದು ನನಗನ್ನಿಸುತ್ತದೆ. ಅದನ್ನು ಬಿಚ್ಚಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದೇ ಹೊಲ, ನಾಲ್ಕು ಬೆಳೆ

ಚೀನಾ ಕಂಪನಿಗಳು ಗೆದ್ದದ್ದು ಹೇಗೆ ಅಂದರೆ ನಮ್ಮಲ್ಲಿ ಎರಡು ಉತ್ತರ ಸಿದ್ಧವಾಗಿರುತ್ತವೆ. ಸರ್ಕಾರ ದುಡ್ಡು ಸುರಿಯುತ್ತದೆ ಎನ್ನುವುದು ಒಂದು, ಅಗ್ಗದ ಕೂಲಿ ಮತ್ತು ನಕಲು ಎನ್ನುವುದು ಇನ್ನೊಂದು. ಎರಡರಲ್ಲೂ ನಿಜದ ಪಾಲಿದೆ. ಆದರೆ ಅದೇ ಸರ್ಕಾರ, ಅದೇ ಮಾರುಕಟ್ಟೆ, ಅದೇ ಕೂಲಿ ಇದ್ದರೂ ಒಂದು ಕಂಪನಿ ಎದ್ದು ಇನ್ನೊಂದು ಬಿದ್ದದ್ದು ಏಕೆ ಎಂದು ಕೇಳಿದರೆ ಎರಡು ಉತ್ತರಗಳೂ ಸುಮ್ಮನಾಗುತ್ತವೆ.

ಟೆಲಿಕಾಂ ವಲಯದಲ್ಲಿ ಇದನ್ನು ನೋಡಲು ಒಳ್ಳೆಯ ಅವಕಾಶವಿದೆ. 1980ರ ದಶಕದಲ್ಲಿ ಚೀನಾದ ಟೆಲಿಫೋನ್ ಎಕ್ಸ್‌ಚೇಂಜುಗಳೆಲ್ಲ ಹೊರಗಿನವು: ಜಪಾನಿನ ಎನ್‌ಇಸಿ ಮತ್ತು ಫುಜಿತ್ಸು, ಸ್ವೀಡನ್ನಿನ ಎರಿಕ್ಸನ್, ಜರ್ಮನಿಯ ಸೀಮೆನ್ಸ್, ಅಮೆರಿಕ, ಕೆನಡಾ, ಫ್ರಾನ್ಸ್, ಬೆಲ್ಜಿಯಂನವು. ಚೀನೀಯರು ಇದನ್ನು ‘ಏಳು ದೇಶ, ಎಂಟು ವ್ಯವಸ್ಥೆ’ ಎಂದು ಕರೆದುಕೊಂಡು ಕೊರಗುತ್ತಿದ್ದರು. ಮುಂದಿನ ದಶಕದಲ್ಲಿ ನಾಲ್ಕು ದೇಶಿ ಕಂಪನಿಗಳು ತಲೆ ಎತ್ತಿದವು: ಜುಲೊಂಗ್, ದಾತಾಂಗ್, ಝೊಂಗ್‌ಶಿಂಗ್, ಹುವಾವೆ. ಝೊಂಗ್‌ಶಿಂಗ್ ಅಂದರೆ ನಮಗೆ ಝಡ್‌ಟಿಇ ಎಂದು ಗೊತ್ತಿರುವ ಕಂಪನಿ. ನಾಲ್ಕರ ಮೊದಲ ಅಕ್ಷರಗಳನ್ನು ಕೂಡಿಸಿದರೆ ಚೀನೀ ಭಾಷೆಯಲ್ಲಿ ‘ಬೃಹತ್ ಚೀನಾ’ ಎಂಬ ಅರ್ಥ ಬರುತ್ತದೆ. ಪತ್ರಿಕೆಗಳಿಗೆ ಇದು ಬಹಳ ಇಷ್ಟವಾದ ಶ್ಲೇಷೆ.

ಆಗ ಪಣ ಕಟ್ಟುವವರು ಯಾರೂ ಹುವಾವೆ ಮೇಲೆ ಕಟ್ಟುತ್ತಿರಲಿಲ್ಲ. ಚೀನಾದ ಮೊದಲ ಸ್ವದೇಶಿ ದೊಡ್ಡ ಡಿಜಿಟಲ್ ಎಕ್ಸ್‌ಚೇಂಜ್ ಬಂದದ್ದು ಝೆಂಗ್‌ಝೌ ನಗರದ ಸೇನಾ ಎಂಜಿನಿಯರಿಂಗ್ ಸಂಸ್ಥೆಯಿಂದ. 1991ರಲ್ಲಿ ವು ಜಿಯಾಂಗ್‌ಶಿಂಗ್ ಅವರ ತಂಡ ಎಚ್‌ಜೆಡಿ04 ಎಂಬ ಯಂತ್ರವನ್ನು ಕಟ್ಟಿತು. ಅದನ್ನು ಆಧರಿಸಿ 1995ರಲ್ಲಿ ಹುಟ್ಟಿದ್ದೇ ಜುಲೊಂಗ್. ತಂತ್ರಜ್ಞಾನ ಮೊದಲೇ ಕೈಯಲ್ಲಿತ್ತು, ಸರ್ಕಾರದ ಆಶೀರ್ವಾದ ತಲೆಯ ಮೇಲಿತ್ತು. ಇಲ್ಲದ್ದು ಒಂದೇ, ಒಗ್ಗಟ್ಟಿನ ಒಡಲು. ಅದೇ ಎಕ್ಸ್‌ಚೇಂಜನ್ನು ತಯಾರಿಸುವ ಹಕ್ಕು ಹಲವು ಸರ್ಕಾರಿ ಕಾರ್ಖಾನೆಗಳ ಹತ್ತಿರ ಇತ್ತು. ಒಂದೊಂದು ಕಾರ್ಖಾನೆ ತನಗೆ ತೋಚಿದಂತೆ ಅದನ್ನು ತಿದ್ದಿತು, ಒಂದೇ ಊರಿನಲ್ಲಿ ಪರಸ್ಪರ ಬೆಲೆ ಇಳಿಸಿ ಮಾರಿತು. ಕಾಗದದ ಮೇಲೆ ಗುಂಪು ಒಂದಾಗಿದ್ದರೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. 2001ರಲ್ಲಿ ಹುವಾವೆಯ ಮಾರಾಟ 2,500 ಕೋಟಿ ಯುವಾನ್ ದಾಟಿದಾಗ ಜುಲೊಂಗ್ ನಷ್ಟದಲ್ಲಿ ಮುಳುಗಿತ್ತು. ಕೆಲವೇ ವರ್ಷಗಳಲ್ಲಿ ಅದರ ಹೆಸರೂ ಅಳಿಸಿಹೋಯಿತು.

ಹುವಾವೆಗೆ ಸರ್ಕಾರಿ ತೊಟ್ಟಿಲು ಇರಲಿಲ್ಲ. ಅದನ್ನು ಕಟ್ಟಿದ ರೆನ್ ಝೆಂಗ್‌ಫೇಯ್ 1944ರಲ್ಲಿ ಬಡ ಗುಯಿಝೌ ಪ್ರಾಂತದಲ್ಲಿ ಹುಟ್ಟಿದವರು, ಶಿಕ್ಷಕ ದಂಪತಿಯ ಮಗ. ಸೇನೆಯ ಎಂಜಿನಿಯರಿಂಗ್ ದಳದಲ್ಲಿದ್ದರು. ದಳ ವಿಸರ್ಜನೆಯಾದ ಮೇಲೆ ಶೆನ್‌ಜೆನ್‌ಗೆ ಬಂದು ಒಂದು ಕಂಪನಿ ಸೇರಿದರು, ವ್ಯವಹಾರದಲ್ಲಿ ಮೋಸಹೋಗಿ ಆ ಕೆಲಸವನ್ನೂ ಕಳೆದುಕೊಂಡರು. 1987ರಲ್ಲಿ, 43ರ ಆಸುಪಾಸಿನ ವಯಸ್ಸಿನಲ್ಲಿ, 21,000 ಯುವಾನ್ ಕೂಡಿಹಾಕಿ ಹುವಾವೆ ಶುರುಮಾಡಿದರು. ಮೊದಲ ಕಸುಬು ಹಾಂಗ್‌ಕಾಂಗ್‌ನಿಂದ ಚಿಕ್ಕ ಎಕ್ಸ್‌ಚೇಂಜುಗಳನ್ನು ತಂದು ಮಾರುವುದು. ದಲ್ಲಾಳಿ ಕೆಲಸ.

ದುಡ್ಡಿಲ್ಲದ್ದಕ್ಕೆ ಹುಟ್ಟಿದ ಪಾಲು

ಖಾಸಗಿ ಕಂಪನಿಗೆ ಆಗ ಚೀನಾದ ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. ಸಂಬಳಕ್ಕೂ ತತ್ವಾರ. 1990ರ ಸುಮಾರಿಗೆ ಹುವಾವೆ ತನ್ನ ನೌಕರರಿಗೇ ಷೇರು ಮಾರಲು ತೊಡಗಿತು. ಆಮೇಲೆ ಇದಕ್ಕೆ ಎಷ್ಟೇ ದೊಡ್ಡ ತತ್ವದ ಬಣ್ಣ ಬಳಿದಿದ್ದರೂ ಹುಟ್ಟಿದ್ದು ಮಾತ್ರ ಖಾಲಿ ಕಿಸೆಯಿಂದ. 2001ರಲ್ಲಿ ಇದು ‘ಕಾಲ್ಪನಿಕ ಷೇರು’ ಎಂಬ ಪದ್ಧತಿಯಾಯಿತು. ನೌಕರ ಕಂಪನಿಯ ನಿವ್ವಳ ಆಸ್ತಿಯ ಬೆಲೆಗೆ ಷೇರು ಕೊಳ್ಳುತ್ತಾನೆ, ಲಾಭಾಂಶ ಪಡೆಯುತ್ತಾನೆ. ಹೊರಗಿನವರಿಗೆ ಮಾರುವಂತಿಲ್ಲ, ಕೆಲಸ ಬಿಟ್ಟರೆ ಕಂಪನಿಗೇ ಹಿಂದಿರುಗಿಸಬೇಕು. ಇಂದು ಇಂಥ ಪಾಲುದಾರರು ಒಂದೂವರೆ ಲಕ್ಷದಷ್ಟಿದ್ದಾರೆ. ಸ್ಥಾಪಕ ರೆನ್ ಅವರ ಪಾಲು ಶೇ 1ಕ್ಕಿಂತ ಕಡಿಮೆ.

ಇದನ್ನು ‘ನೌಕರರೇ ಮಾಲೀಕರು’ ಎಂದು ಕೊಂಡಾಡುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಕಾನೂನಿನ ಕಣ್ಣಲ್ಲಿ ಷೇರು ಇರುವುದು ಕಾರ್ಮಿಕ ಸಂಘದ ಸಮಿತಿಯ ಹೆಸರಿನಲ್ಲಿ, ಮತ್ತು ಮುಖ್ಯ ವಿಷಯಗಳಲ್ಲಿ ರೆನ್ ಅವರಿಗೆ ವೀಟೋ ಇದೆ. ಹೀಗಿರುವಾಗ ಮಾಲೀಕತ್ವ ನಿಜಕ್ಕೂ ಯಾರದು ಎಂದು 2019ರಲ್ಲಿ ವಿದ್ವಾಂಸರು ಎತ್ತಿದ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಕಂಪನಿಯ ಒಳಗೆ ಈ ಪಾಲು ಮಾಡಿದ ಕೆಲಸ ಬೇರೆ. ಹಳ್ಳಿಗಳಲ್ಲಿ ಕೋರಿಗೆ ಕೊಟ್ಟ ಹೊಲವನ್ನು ನೆನೆಯಿರಿ. ನೆಲ ನಿಮ್ಮದಲ್ಲ, ಆದರೆ ರಾಶಿ ದೊಡ್ಡದಾದರೆ ನಿಮ್ಮ ಪಾಲೂ ದೊಡ್ಡದು. ಮೋಡ ಕಟ್ಟಿದ ದಿನ ನೀವು ಹೊಲ ಬಿಟ್ಟು ಮನೆಗೆ ಹೋಗುವುದಿಲ್ಲ.

ಇನ್ನೊಂದು ಪರಿಣಾಮ ಹೊರಗಿನವರ ಕಣ್ಣಿಗೆ ಅಷ್ಟು ಬೀಳುವುದಿಲ್ಲ. ಷೇರುಪೇಟೆಗೆ ಹೋಗದ ಕಾರಣ ಮೂರು ತಿಂಗಳಿಗೊಮ್ಮೆ ಲಾಭ ತೋರಿಸುವ ಹಂಗು ಹುವಾವೆಗೆ ಇರಲಿಲ್ಲ. 1998ರಲ್ಲಿ ಕಂಪನಿ ಒಪ್ಪಿಕೊಂಡ ‘ಹುವಾವೆ ಮೂಲ ಕಾನೂನು’ ಎಂಬ 103 ಕಲಮುಗಳ ದಸ್ತಾವೇಜಿನಲ್ಲಿ ಮಾರಾಟದ ಶೇ 10ರಷ್ಟನ್ನು ಸಂಶೋಧನೆಗೆ ಮೀಸಲಿಡುತ್ತೇವೆ, ಬೇಕಿದ್ದರೆ ಹೆಚ್ಚಿಸುತ್ತೇವೆ ಎಂಬ ಸಾಲಿದೆ. ಬರೆದುಕೊಟ್ಟವರು ಬೀಜಿಂಗ್‌ನ ರೆನ್ಮಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಕೆಲವು ಸಾಲುಗಳು ಮುಂದೆ ಮುರಿದುಬಿದ್ದವು. ‘ಮಾಹಿತಿ ಸೇವೆಗಳ ಉದ್ಯಮಕ್ಕೆ ಎಂದೆಂದಿಗೂ ಕಾಲಿಡುವುದಿಲ್ಲ’ ಎನ್ನುತ್ತದೆ ಮೊದಲ ಕಲಮು, ಇಂದು ಹುವಾವೆ ಚೀನಾದ ದೊಡ್ಡ ಕ್ಲೌಡ್ ಕಂಪನಿಗಳಲ್ಲೊಂದು! ಆದರೆ ಶೇ 10ರ ಸಾಲು ಬಹುಮಟ್ಟಿಗೆ ಉಳಿಯಿತು.

ವೀರರ ಕಾಲ

ಮಾರಿದ್ದರಿಂದ ಬಂದ ದುಡ್ಡನ್ನೆಲ್ಲ ರೆನ್ ಸ್ವಂತ ಎಕ್ಸ್‌ಚೇಂಜ್ ಕಟ್ಟಲು ಸುರಿದರು. ಮೊದಲ ದೊಡ್ಡ ಪ್ರಯತ್ನ ಜೆಕೆ1000 ಹಳೆಯ ಅನಲಾಗ್ ತಂತ್ರಜ್ಞಾನದ್ದು. ಅದು ಮಾರುಕಟ್ಟೆಗೆ ಬರುವಷ್ಟರಲ್ಲಿ ಕಾಲ ಡಿಜಿಟಲ್ ಕಡೆಗೆ ಹೊರಳಿತ್ತು. ಸಿಡಿಲು ಬಡಿದು ಸುಟ್ಟುಹೋದ ಘಟನೆಗಳೂ ನಡೆದವು. ಮುಂದಿನದು ಸಿ ಅಂಡ್ ಸಿ08. 1993ರಲ್ಲಿ ಝೆಜಿಯಾಂಗ್ ಪ್ರಾಂತದ ಯಿವು ಪಟ್ಟಣದಲ್ಲಿ ಅದನ್ನು ಮೊದಲು ಕೂರಿಸಿದಾಗ ಎಂಜಿನಿಯರುಗಳು ತಿಂಗಳುಗಟ್ಟಲೆ ಅಲ್ಲೇ ಠಿಕಾಣಿ ಹೂಡಿದ್ದರು. ಹಗಲು ಲೈನು ಸತ್ತರೆ ರಾತ್ರಿ ಸಾಫ್ಟ್‌ವೇರ್ ತಿದ್ದುವುದು. ಕಚೇರಿಯಲ್ಲಿ ಪ್ರತಿ ಮೇಜಿನ ಕೆಳಗೂ ಒಂದು ಹಾಸಿಗೆ ಸುರುಳಿ. ಆ ಹಾಸಿಗೆಯೇ ಕಂಪನಿಯ ಸಂಕೇತವಾಯಿತು.

ಯಂತ್ರ ಗೆದ್ದಿತು. ದೊಡ್ಡ ನಗರಗಳನ್ನು ವಿದೇಶಿ ಕಂಪನಿಗಳಿಗೆ ಬಿಟ್ಟು ಹಳ್ಳಿ, ತಾಲ್ಲೂಕು ಕೇಂದ್ರಗಳಿಂದ ಶುರುಮಾಡಿದ್ದು ಫಲ ಕೊಟ್ಟಿತು.

ಆದರೆ ವೀರರಿಂದ ಬೆಳೆದ ಸಂಸ್ಥೆಗೆ ವೀರರೇ ತೊಡಕಾಗುವ ಘಳಿಗೆ ಬರುತ್ತದೆ. ಮಾರಾಟದಲ್ಲಿ ಇದು ಮೊದಲು ಕಂಡಿತು. ಹಳ್ಳಿಯ ಅಧಿಕಾರಿಗಳ ಜೊತೆ ಕುಡಿದು, ಕುಣಿದು ಆರ್ಡರ್ ತಂದವರಿಗೆ ಪ್ರಾಂತ ಮಟ್ಟದ ದೊಡ್ಡ ಟೆಂಡರು ನಿಭಾಯಿಸಲು ಬರುತ್ತಿರಲಿಲ್ಲ. ಹಾಗೆಂದು ಕಿತ್ತುಹಾಕಿದರೆ ಕೃತಘ್ನತೆ. 1996ರ ಜನವರಿಯಲ್ಲಿ ಕಂಪನಿಯ ಹಿರಿಯ ಅಧಿಕಾರಿ ಸುನ್ ಯಾಫಾಂಗ್ ಅವರ ಮುಂದಾಳತ್ವದಲ್ಲಿ ಮಾರಾಟ ವಿಭಾಗದ ಎಲ್ಲ ಪ್ರಾದೇಶಿಕ ಮುಖ್ಯಸ್ಥರೂ ಎರಡೆರಡು ಕಾಗದ ಬರೆದುಕೊಟ್ಟರು, ಒಂದು ಕೆಲಸದ ವರದಿ, ಇನ್ನೊಂದು ರಾಜೀನಾಮೆ. ಕಂಪನಿ ಎರಡರಲ್ಲಿ ಒಂದನ್ನು ಒಪ್ಪಿಕೊಂಡಿತು. ಸುಮಾರು ಮೂರನೇ ಒಂದರಷ್ಟು ಜನ ಕುರ್ಚಿ ಕಳೆದುಕೊಂಡರು, ಕೆಲವರು ಕೆಳಗಿನ ಹುದ್ದೆಯಿಂದ ಮತ್ತೆ ಮೇಲೆ ಬಂದರು. ಇದರಲ್ಲಿ ನಾಟಕ ಇತ್ತು, ನಿಜ. ಆದರೆ ಕುರ್ಚಿ ಯಾರಪ್ಪನ ಆಸ್ತಿಯೂ ಅಲ್ಲ ಎಂದು ಇಡೀ ಕಂಪನಿ ಕಣ್ಣಾರೆ ಕಂಡಿತು. ಹಿರಿತನವನ್ನು ಪೂಜಿಸುವ ಸಮಾಜದಲ್ಲಿ ಇದು ಸಣ್ಣ ಮಾತಲ್ಲ. ಅದು ನಮ್ಮ ಸಮಾಜಕ್ಕೂ ಅನ್ವಯಿಸುತ್ತದೆ ಬಿಡಿ.

ಸಂಶೋಧನಾ ವಿಭಾಗದ ವೀರ ಲಿ ಯಿನಾನ್. 1993ರಲ್ಲಿ ಸೇರಿ 27ರ ವಯಸ್ಸಿಗೆ ಉಪಾಧ್ಯಕ್ಷರಾದ ಪ್ರತಿಭೆ. 2000ದಲ್ಲಿ ಹೊರಹೋಗಿ ಹಾರ್ಬರ್ ನೆಟ್‌ವರ್ಕ್ಸ್ ಎಂಬ ಪ್ರತಿಸ್ಪರ್ಧಿ ಕಂಪನಿ ಕಟ್ಟಿದರು. ಅವರ ಹಿಂದೆ ಎಂಜಿನಿಯರುಗಳು ಸಾಲಾಗಿ ಹೊರಟರು. ಹುವಾವೆ ಅದನ್ನು ಮಾರುಕಟ್ಟೆಯಲ್ಲಿ ಬೆನ್ನಟ್ಟಿ ಬಡಿದು, 2006ರಲ್ಲಿ ಕೊಂಡುಕೊಂಡಿತು. ಜ್ಞಾನವೆಲ್ಲ ಕೆಲವೇ ತಲೆಗಳಲ್ಲಿದ್ದರೆ ಆ ತಲೆಗಳು ಹೊರಟ ದಿನ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದುಬಾರಿ ಪಾಠ ಸಿಗಲಾರದು.

ಅಮೆರಿಕದ ಬೂಟು

ಅಷ್ಟು ಹೊತ್ತಿಗಾಗಲೇ ಮದ್ದು ಅರೆಯಲು ಶುರುವಾಗಿತ್ತು. 1997ರ ಡಿಸೆಂಬರಿನಲ್ಲಿ ರೆನ್ ಅಮೆರಿಕಕ್ಕೆ ಹೋಗಿ ಐಬಿಎಂ, ಬೆಲ್ ಲ್ಯಾಬ್ಸ್, ಎಚ್‌ಪಿ ನೋಡಿಬಂದರು. ಸ್ವತಃ ಐಬಿಎಂ ಕೆಲವೇ ವರ್ಷ ಹಿಂದೆ ಕುಸಿದು, ಹೊಸ ಮುಖ್ಯಸ್ಥ ಲೂ ಗರ್ಸ್ಟ್‌ನರ್ ಕೈಯಲ್ಲಿ ಎದ್ದುನಿಂತಿತ್ತು. ಬಿದ್ದು ಎದ್ದವರ ಹತ್ತಿರ ಕಲಿಯುವುದು ಜಾಣತನ. ಮುಂದಿನ ವರ್ಷ ಐಬಿಎಂ ಸಲಹೆಗಾರರು ಶೆನ್‌ಜೆನ್‌ಗೆ ಬಂದಿಳಿದರು. ತಿಂಗಳುಗಟ್ಟಲೆ ಪರೀಕ್ಷೆ ಮಾಡಿ ಕೊಟ್ಟ ವರದಿಯ ತಿರುಳು ಇಷ್ಟು: ಮೊದಲ ಸಲವೇ ಸರಿಯಾಗಿ ಮಾಡಲು ನಿಮಗೆ ಸಮಯವಿಲ್ಲ, ಆದರೆ ಮತ್ತೆ ಮತ್ತೆ ಮಾಡಲು ಸಮಯವಿದೆ. ವೀರರ ಮೇಲೆ ಅವಲಂಬನೆ, ವಿಭಾಗಗಳ ನಡುವೆ ಗೋಡೆ, ಗ್ರಾಹಕನಿಗೆ ಏನು ಬೇಕೆಂದು ಮೊದಲೇ ತಿಳಿಯುವ ವ್ಯವಸ್ಥೆ ಇಲ್ಲ.

ಮದ್ದಿನ ಹೆಸರು ಐಪಿಡಿ, ಸಮಗ್ರ ಉತ್ಪನ್ನ ಅಭಿವೃದ್ಧಿ ಪದ್ಧತಿ. ಹೆಸರು ಒಣಗಲು, ಆದರೆ ಒಳಗೆ ಅಧಿಕಾರದ ಪಲ್ಲಟವೇ ಇದೆ. ಮೊದಲು ಸಂಶೋಧನಾ ವಿಭಾಗ ತನಗೆ ಚೆಂದ ಕಂಡದ್ದನ್ನು ಮಾಡುತ್ತಿತ್ತು. ಮುಗಿದ ಮೇಲೆ ಉತ್ಪಾದನೆಗೆ ಎಸೆಯುತ್ತಿತ್ತು, ಉತ್ಪಾದನೆ ಮಾರಾಟಕ್ಕೆ, ಮಾರಾಟ ಸೇವಾ ವಿಭಾಗಕ್ಕೆ. ಕೊನೆಗೆ ವಿಮಾನ ಹತ್ತುವವ ಎಂಜಿನಿಯರ್. ಐಪಿಡಿಯಲ್ಲಿ ಒಂದು ಉತ್ಪನ್ನಕ್ಕೆ ಒಂದು ತಂಡ, ಮತ್ತು ಆ ತಂಡದಲ್ಲಿ ಮೊದಲ ದಿನದಿಂದಲೇ ಹಣಕಾಸು, ಖರೀದಿ, ತಯಾರಿಕೆ, ಮಾರಾಟ, ಸೇವೆ ಎಲ್ಲರೂ. ಪರಿಕಲ್ಪನೆ, ಯೋಜನೆ, ಅಭಿವೃದ್ಧಿ, ಪರೀಕ್ಷೆ, ಬಿಡುಗಡೆ ಹೀಗೆ ಹಂತಗಳು. ಹಂತಗಳ ನಡುವಿನ ಕಟ್ಟೆಗಳಲ್ಲಿ ಮೇಲಿನ ಹೂಡಿಕೆ ಸಮಿತಿ ಕೂತು ಮುಂದುವರಿಸುವುದೋ ನಿಲ್ಲಿಸುವುದೋ ತೀರ್ಮಾನಿಸುತ್ತದೆ. ಉತ್ಪನ್ನ ಅಂದರೆ ಹೂಡಿಕೆ, ಎಂಜಿನಿಯರನ ಕನಸಲ್ಲ. ಬೇರೆ ಬೇರೆ ಯಂತ್ರಗಳಿಗೆ ಒಂದೇ ಬಗೆಯ ಬೋರ್ಡು, ಒಂದೇ ಸಾಫ್ಟ್‌ವೇರ್ ತುಣುಕು ಬಳಸಬೇಕೆಂಬ ನಿಯಮವೂ ಇದರದ್ದೇ.

ಎಂಜಿನಿಯರುಗಳು ಸಿಡಿದೆದ್ದರು. ಇದು ಅಮೆರಿಕದ ಪದ್ಧತಿ, ಚೀನಾಕ್ಕೆ ಒಗ್ಗುವುದಿಲ್ಲ, ನಮ್ಮ ವೇಗ ಸತ್ತೇಹೋಗುತ್ತದೆ ಅಂದರು. ಬೂಟಿಗೆ ತಕ್ಕಂತೆ ಕಾಲು ಕತ್ತರಿಸಿಕೊಳ್ಳುವುದು ಎಂಬ ಚೀನೀ ನಾಣ್ಣುಡಿ ಮೂರ್ಖತನಕ್ಕೆ ಹೇಳುವ ಮಾತು. ರೆನ್ ಅದನ್ನೇ ತಲೆಕೆಳಗು ಮಾಡಿದರು: ಹೌದು, ಅಮೆರಿಕದ ಬೂಟು ಹಾಕಿಕೊಳ್ಳಬೇಕು, ಕಾಲು ದೊಡ್ಡದಾದರೆ ಕಾಲನ್ನೇ ಕತ್ತರಿಸಿಕೊಳ್ಳಿ. ಅವರ ಸೂತ್ರ ಮೂರು ಮೆಟ್ಟಿಲಿನದು. ಮೊದಲು ಕಣ್ಣುಮುಚ್ಚಿ ಹಾಗೆಯೇ ಪಾಲಿಸು, ಅರ್ಥವಾದ ಮೇಲೆ ತಿದ್ದು, ತಿದ್ದಿದ್ದನ್ನು ಗಟ್ಟಿಮಾಡು. ಒಪ್ಪದವರು ಜಾಗ ಖಾಲಿ ಮಾಡಬೇಕಿತ್ತು. ಆಳಾಗಬಲ್ಲವನು ಅರಸಾಗಬಲ್ಲ ಎಂಬ ಗಾದೆಯನ್ನು ನಾವು ಹೇಳುತ್ತಲೇ ಇರುತ್ತೇವೆ, ಮಾರಾಟ ಏರುತ್ತಿರುವಾಗ ಆಳಾಗಲು ಒಪ್ಪಿದ ಕಂಪನಿಗಳು ಎಷ್ಟಿವೆಯೋ! 2000ದ ಆ ಕ್ರೀಡಾಂಗಣದ ಸಭೆ ಈ ಹಿನ್ನೆಲೆಯದು. ಅಂದು ಹಂಚಿದ ಗುಜರಿ ಐಬಿಎಂ ವರದಿಯ ಕೈಗೆ ಸಿಗುವ ರೂಪ.

ಈ ಕತೆಯಲ್ಲಿ ಬೆಂಗಳೂರಿಗೂ ಒಂದು ಅಧ್ಯಾಯವಿದೆ, ನಮ್ಮವರೇ ಅದನ್ನು ಮರೆತಿದ್ದಾರೆ. ಐಪಿಡಿ ಶುರುವಾದ 1999ರಲ್ಲೇ ಹುವಾವೆ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಅಗ್ಗದ ಎಂಜಿನಿಯರುಗಳಿಗಾಗಿ ಬಂದರು ಎಂದುಕೊಳ್ಳುವುದು ಸುಲಭ, ಆದರೆ ಎಂಜಿನಿಯರುಗಳು ಚೀನಾದಲ್ಲೂ ಅಗ್ಗವಾಗಿಯೇ ಸಿಗುತ್ತಿದ್ದರು. ಅವರಿಗೆ ಬೇಕಿದ್ದದ್ದು ಸಾಫ್ಟ್‌ವೇರ್ ಬರೆಯುವ ಶಿಸ್ತು. ಮೊಟೊರೊಲಾದ ಬೆಂಗಳೂರು ಘಟಕ 1990ರ ದಶಕದ ಮೊದಲರ್ಧದಲ್ಲೇ ಈ ಶಿಸ್ತನ್ನು ಅಳೆಯುವ ಸಿಎಂಎಂ ಎಂಬ ಮಾಪನದ ತುತ್ತತುದಿಯಾದ ಐದನೇ ಹಂತ ಮುಟ್ಟಿತ್ತು, ಜಗತ್ತಿನಲ್ಲಿ ಆ ಹಂತ ತಲುಪಿದ ಮೊದಲಿಗರಲ್ಲಿ ಒಂದಾಗಿ. ಪ್ರತಿ ದೋಷವನ್ನು ದಾಖಲಿಸುವುದು, ಕೋಡ್ ಬರೆಯುವ ಮೊದಲು ವಿನ್ಯಾಸವನ್ನು ಬರೆದಿಡುವುದು, ಇನ್ನೊಬ್ಬರಿಂದ ಪರಿಶೀಲಿಸಿಕೊಳ್ಳುವುದು ಬೆಂಗಳೂರಿನಲ್ಲಿ ದಿನದ ರೂಢಿಯಾಗಿತ್ತು. ಹುವಾವೆಯ ಬೆಂಗಳೂರು ಕೇಂದ್ರವೂ ಮುಂದೆ ಅದೇ ಐದನೇ ಹಂತದ ಪ್ರಮಾಣಪತ್ರ ಪಡೆಯಿತು. ಆ ರೂಢಿ ಶೆನ್‌ಜೆನ್‌ಗೂ ಹರಿಯಿತು. 2015ರ ಫೆಬ್ರವರಿಯಲ್ಲಿ ವೈಟ್‌ಫೀಲ್ಡ್‌ನಲ್ಲಿ 17 ಕೋಟಿ ಡಾಲರ್ ಖರ್ಚಿನಲ್ಲಿ 5,000 ಎಂಜಿನಿಯರುಗಳು ಕೂರಬಲ್ಲ ಆವರಣ ತೆರೆದಾಗ ಸುದ್ದಿಯಾದದ್ದು ಹಣದ ಮೊತ್ತ. ಅದಕ್ಕಿಂತ ಮುಖ್ಯವಾದ ವ್ಯವಹಾರ ಹದಿನೈದು ವರ್ಷ ಮುಂಚೆಯೇ ಸದ್ದಿಲ್ಲದೆ ನಡೆದುಹೋಗಿತ್ತು. ಶಿಸ್ತನ್ನು ಕಲಿಸಿದ ಊರು ಸೇವೆ ಮಾರಿತು, ಕಲಿತ ಕಂಪನಿ ಸ್ವಂತ ಉತ್ಪನ್ನ ಮಾರಿತು. ಈ ವ್ಯತ್ಯಾಸ ನನ್ನನ್ನು ಈಗಲೂ ಕುಟುಕುತ್ತದೆ.

ಫಲ ತಕ್ಷಣ ಬರಲಿಲ್ಲ. 2002ರಲ್ಲಿ ಮಾರಾಟ ಮೊದಲ ಬಾರಿಗೆ ಇಳಿಯಿತು. ವಿದ್ಯುತ್ ಉಪಕರಣ ವಿಭಾಗವನ್ನು 2001ರಲ್ಲೇ ಅಮೆರಿಕದ ಎಮರ್ಸನ್ ಕಂಪನಿಗೆ 75 ಕೋಟಿ ಡಾಲರಿಗೆ ಮಾರಿ ಚಳಿಗಾಲಕ್ಕೆ ಕಂಬಳಿ ಹೊಂದಿಸಿಕೊಂಡಿದ್ದು ಆಗ ಕಾಪಾಡಿತು. ಕಂಪನಿಯನ್ನೇ ಮೊಟೊರೊಲಾಗೆ ಮಾರುವ ಮಾತುಕತೆ ಬಹಳ ಮುಂದೆ ಹೋಗಿ, ಕೊನೆಗೆ ಮೊಟೊರೊಲಾವೇ ಹಿಂದೆ ಸರಿಯಿತು. 2004ರಲ್ಲಿ ನೆದರ್‌ಲೆಂಡ್ಸ್‌ನ ಟೆಲ್‌ಫೋರ್ಟ್ ಎಂಬ ಸಣ್ಣ ಕಂಪನಿಗೆ 3ಜಿ ಬೇಕಿತ್ತು, ಆದರೆ ಯಂತ್ರ ಇಡಲು ಜಾಗವಿರಲಿಲ್ಲ. ಹುವಾವೆ ಮೊಬೈಲ್ ಸಂಕೇತ ಕಳಿಸಿ ಪಡೆಯುವ ಯಂತ್ರವಾದ ಬೇಸ್ ಸ್ಟೇಷನ್ ಅನ್ನೇ ಎರಡು ತುಂಡು ಮಾಡಿ, ಒಂದನ್ನು ಒಳಗೆ ಇನ್ನೊಂದನ್ನು ಹೊರಗೆ ಇಡುವ ವಿನ್ಯಾಸ ಮುಂದಿಟ್ಟಿತು. ಯುರೋಪಿನ ಬಾಗಿಲು ತೆರೆದದ್ದು ಈ ಸೀಳುವಿಕೆಯಿಂದ. ಗ್ರಾಹಕನ ಇಕ್ಕಟ್ಟು ವಿನ್ಯಾಸದ ಮೇಜಿಗೆ ಬೇಗ ತಲುಪಿದ್ದೇ ಇಲ್ಲಿನ ಆವಿಷ್ಕಾರ.

ಸುಡಾನಿನ ಸೋಲು

ಶಿಸ್ತು ಅತಿಯಾದರೆ ಅಧಿಕಾರಶಾಹಿ. ಇದೂ ಆಯಿತು. 2006ರಲ್ಲಿ ಸುಡಾನಿನ ಒಂದು ಮೊಬೈಲ್ ಜಾಲದ ಟೆಂಡರನ್ನು ಹುವಾವೆ ಕಳೆದುಕೊಂಡಿತು. ಸ್ಪರ್ಧಿ ಕಂಪನಿ ಸೌರಶಕ್ತಿ ಮತ್ತು ಚಿಕ್ಕ ಜನರೇಟರಿನಿಂದ ನಡೆಯುವ ಕೇಂದ್ರ ಕೊಟ್ಟಿತ್ತು, ಹುವಾವೆ ಡೀಸೆಲ್ ಕುಡಿಯುವ ದೊಡ್ಡ ಜನರೇಟರು. ಡೀಸೆಲ್ ಖರ್ಚಿನ ಚಿಂತೆಯನ್ನು ಗ್ರಾಹಕ ಒಬ್ಬ ಸಿಬ್ಬಂದಿಯ ಮುಂದೆ ಹೇಳಿಕೊಂಡಿದ್ದ. ಅದು ವಿನ್ಯಾಸ ಮಾಡುವವನ ಕಿವಿಗೆ ಬೀಳಲೇ ಇಲ್ಲ. ಸಭೆಗೆ ಒಂದೊಂದು ವಿಭಾಗದವರು ಹೋಗಿ ತಮ್ಮ ತಮ್ಮ ತುಂಡನ್ನು ವಿವರಿಸಿ ಬಂದಿದ್ದರು. ಬೇಸತ್ತ ಗ್ರಾಹಕ ಕಂಪನಿಯ ತಾಂತ್ರಿಕ ಮುಖ್ಯಸ್ಥ, ನನಗೆ ಬೇಕಿರುವುದು ನಡೆಸಬಹುದಾದ ಇಡೀ ಜಾಲ, ತುಂಡುಗಳಲ್ಲ ಎಂಬರ್ಥದ ಮಾತು ಹೇಳಿದ.

ಸುಡಾನ್ ತಂಡ ಮೇಲಿನ ಅಪ್ಪಣೆಗೆ ಕಾಯದೆ ತನ್ನನ್ನು ಮರುಜೋಡಿಸಿಕೊಂಡಿತು. ಗ್ರಾಹಕ ಸಂಬಂಧಕ್ಕೆ ಒಬ್ಬ, ಪರಿಹಾರದ ವಿನ್ಯಾಸಕ್ಕೆ ಒಬ್ಬ, ಜಾರಿಗೆ ಒಬ್ಬ. ಮೂವರೂ ಒಟ್ಟಿಗೆ ಹೋಗುವುದು, ಒಟ್ಟಿಗೆ ಉತ್ತರಿಸುವುದು. ‘ಕಬ್ಬಿಣದ ತ್ರಿಕೋನ’ ಎಂದು ಹೆಸರಾದ ಇದನ್ನು ಆಮೇಲೆ ಇಡೀ ಕಂಪನಿ ಅಳವಡಿಸಿಕೊಂಡಿತು. 2009ರಲ್ಲಿ ರೆನ್ ಮಾಡಿದ ಭಾಷಣದ ಸಾಲು ಪ್ರಸಿದ್ಧ: ಗುಂಡಿನ ಸದ್ದು ಕೇಳಿಸುತ್ತಿರುವವರು ಫಿರಂಗಿ ಬೇಕೆಂದು ಕರೆಯಲಿ. ಸೇನೆಯಲ್ಲಿದ್ದವರ ರೂಪಕ. ಮೂಲ ಐಡಿಯಾ ಮಾತ್ರ ಸುಡಾನಿನ ರಾಜಧಾನಿ ಖಾರ್ಟೂಮ್‌ನಲ್ಲಿ ಸೋತು ಕೂತಿದ್ದ ಹುಡುಗರದ್ದು.

ಮೇಲುಗಡೆಯೂ ಒಂದು ವಿಚಿತ್ರ ಏರ್ಪಾಡಿದೆ. 2004ರಿಂದ ಉನ್ನತ ಸಮಿತಿಯ ಅಧ್ಯಕ್ಷ ಸ್ಥಾನ ಆರಾರು ತಿಂಗಳಿಗೆ ಕೈ ಬದಲಾಯಿಸತೊಡಗಿತು. ಮುಂದೆ ಸರದಿಯ ಸಿಇಒಗಳು ಬಂದರು, 2018ರಿಂದ ಸರದಿಯ ಅಧ್ಯಕ್ಷರು. ಸರದಿ ಮುಗಿದವನು ಮತ್ತೆ ಸಹೋದ್ಯೋಗಿಗಳ ಸಾಲಿನಲ್ಲಿ ಕೂರಬೇಕು, ಹಾಗಾಗಿ ಅಧಿಕಾರದಲ್ಲಿದ್ದಾಗ ತನ್ನ ವಿಭಾಗಕ್ಕೆ ಮಾತ್ರ ಬೆಲ್ಲ ಹಂಚುವಂತಿಲ್ಲ.

ಕೊಟ್ಟ ಬೆಲೆ

ಇಲ್ಲಿ ನಿಂತು ಕೈ ತಟ್ಟಿದರೆ ಅರ್ಧ ಕತೆ ಹೇಳಿದಂತಾಗುತ್ತದೆ. 2006ರಲ್ಲಿ ಹುವಾವೆಯ 25 ವರ್ಷದ ಎಂಜಿನಿಯರ್ ಒಬ್ಬ ಮೆದುಳುಜ್ವರದಿಂದ ತೀರಿಕೊಂಡ. ಅದಕ್ಕೆ ಮುಂಚೆ ಅವನು ಹಲವು ರಾತ್ರಿ ಕಚೇರಿಯಲ್ಲೇ ಮಲಗಿ ದುಡಿದಿದ್ದ. ಸಾವಿಗೆ ಅದೇ ಕಾರಣ ಎಂದು ಹೇಳಲಾಗದಿದ್ದರೂ ಮೇಜಿನ ಕೆಳಗಿನ ಹಾಸಿಗೆ ಆ ದಿನ ಹೆಮ್ಮೆಯ ಸಂಕೇತವಾಗಿ ಉಳಿಯಲಿಲ್ಲ. 2008ರ ಜನವರಿ 1ರಿಂದ ಹೊಸ ಕಾರ್ಮಿಕ ಕಾನೂನು ಜಾರಿಗೆ ಬರುವುದಿತ್ತು. ದೀರ್ಘಕಾಲ ದುಡಿದವರಿಗೆ ಕಾಯಂ ಕರಾರು ಕೊಡಬೇಕೆಂಬುದು ಅದರ ಒಂದು ಅಂಶ. ಅದಕ್ಕೆ ತುಸು ಮುಂಚೆ, ಎಂಟು ವರ್ಷ ಮೀರಿ ಸೇವೆ ಸಲ್ಲಿಸಿದ 7,000ಕ್ಕೂ ಹೆಚ್ಚು ಹುವಾವೆ ನೌಕರರು, ರೆನ್ ಅವರನ್ನೂ ಸೇರಿಸಿ, ಪರಿಹಾರ ಪಡೆದು ರಾಜೀನಾಮೆ ಕೊಟ್ಟು ಮತ್ತೆ ಹೊಸದಾಗಿ ಸೇರಿಕೊಂಡರು. ಕಂಪನಿ ಇದನ್ನು ಜಡತೆ ಒಡೆಯುವ ಕ್ರಮ ಎಂದಿತು, ಕಾರ್ಮಿಕ ಸಂಘಟನೆಗಳು ಕಾನೂನಿನಿಂದ ನುಣುಚಿಕೊಳ್ಳುವ ದಾರಿ ಎಂದವು. ಎರಡೂ ಏಕಕಾಲಕ್ಕೆ ನಿಜವಾಗಿರಬಹುದು. ಲಾಭಾಂಶದ ರಾಶಿ ಹಂಚಿಕೊಳ್ಳುವ ಒಪ್ಪಂದದ ಇನ್ನೊಂದು ಮುಖ ಇದು: ಇಲ್ಲಿ ನೆಲೆಯೂರುವ ಹಕ್ಕು ಯಾರಿಗೂ ಇಲ್ಲ.

ಸರ್ಕಾರದ ನೆರವಿನ ವಿಷಯ. ಇತ್ತು. ಹೊರದೇಶದ ಗ್ರಾಹಕರು ಹುವಾವೆ ಉಪಕರಣ ಕೊಳ್ಳಲೆಂದು ಚೀನಾ ಡೆವಲಪ್‌ಮೆಂಟ್ ಬ್ಯಾಂಕ್ 2004ರಲ್ಲಿ 1,000 ಕೋಟಿ ಡಾಲರ್ ಸಾಲದ ಸೌಲಭ್ಯ ತೆರೆದಿತ್ತು, ಮುಂದೆ ಅದನ್ನು ಹಿಗ್ಗಿಸಿತು. ಇದಿಲ್ಲದೆ ಆಫ್ರಿಕಾ, ಲ್ಯಾಟಿನ್ ಅಮೆರಿಕದ ಮಾರುಕಟ್ಟೆ ಅಷ್ಟು ಬೇಗ ಸಿಗುತ್ತಿರಲಿಲ್ಲ. ಅಮೆರಿಕದ ಸಿಸ್ಕೊ 2003ರಲ್ಲಿ ಹೂಡಿದ ಸಾಫ್ಟ್‌ವೇರ್ ನಕಲಿನ ಮೊಕದ್ದಮೆಯೂ ದಾಖಲೆಯಲ್ಲಿದೆ, ಮರುವರ್ಷ ರಾಜಿಯಾಯಿತು. ಆದರೆ ಸರ್ಕಾರಿ ಸಾಲ ಝಡ್‌ಟಿಇಗೂ ಸಿಕ್ಕಿತು, ಸರ್ಕಾರಿ ಮಡಿಲೇ ಜುಲೊಂಗ್‌ಗೆ ಸಿಕ್ಕಿತ್ತು. ಮಳೆ ಎಲ್ಲರ ಹೊಲಕ್ಕೂ ಬಿತ್ತು, ಬದು ಕಟ್ಟಿಕೊಂಡವರ ಹೊಲದಲ್ಲಿ ನೀರು ನಿಂತಿತು.

2019ರ ಪರೀಕ್ಷೆ

2018ರ ಡಿಸೆಂಬರ್ 1ರಂದು ರೆನ್ ಅವರ ಮಗಳು, ಕಂಪನಿಯ ಹಣಕಾಸು ಮುಖ್ಯಸ್ಥೆ ಮೆಂಗ್ ವಾನ್‌ಝೌ ಅವರನ್ನು ಅಮೆರಿಕದ ಕೋರಿಕೆಯಂತೆ ಕೆನಡಾದ ವ್ಯಾಂಕೂವರಿನಲ್ಲಿ ಬಂಧಿಸಲಾಯಿತು. 2019ರ ಮೇ ತಿಂಗಳಲ್ಲಿ ಅಮೆರಿಕ ಹುವಾವೆಯನ್ನು, ಅಪ್ಪಣೆಯಿಲ್ಲದೆ ಅಮೆರಿಕದ ತಂತ್ರಜ್ಞಾನ ಮಾರುವಂತಿಲ್ಲದ ಕಂಪನಿಗಳ ನಿರ್ಬಂಧದ ಪಟ್ಟಿಗೆ ಸೇರಿಸಿತು. 2020ರ ಸೆಪ್ಟೆಂಬರ್ 15ರಿಂದ ಅತ್ಯಾಧುನಿಕ ಚಿಪ್ಪುಗಳ ಸರಬರಾಜೇ ಕಡಿದುಬಿತ್ತು. ಆ ನವೆಂಬರಿನಲ್ಲಿ ಆನರ್ ಫೋನ್ ವ್ಯಾಪಾರವನ್ನು ಮಾರಿಬಿಟ್ಟರು. 2020ರಲ್ಲಿ 89,140 ಕೋಟಿ ಯುವಾನ್ ಇದ್ದ ಆದಾಯ 2021ರಲ್ಲಿ 63,680 ಕೋಟಿಗೆ ಕುಸಿಯಿತು. ಇಂಥ ಹೊಡೆತಕ್ಕೆ ಬಹಳ ಕಂಪನಿಗಳು ಮೊದಲು ಕತ್ತರಿ ಹಾಕುವುದು ಸಂಶೋಧನೆಗೆ. ಹುವಾವೆ 2022ರಲ್ಲಿ ಆದಾಯದ ಕಾಲು ಭಾಗವನ್ನೇ ಸಂಶೋಧನೆಗೆ ಸುರಿಯಿತು. ಒಪ್ಪದೆ ಷೇರು ಮಾರಿ ಓಡಲು ಹೊರಗಿನ ಹೂಡಿಕೆದಾರರು ಯಾರೂ ಇರಲಿಲ್ಲ.

ಪೆಟ್ಟು ಬೀಳಬಹುದೆಂಬ ಅಂದಾಜು ಮೊದಲೇ ಇತ್ತು. ಚಿಪ್ ವಿನ್ಯಾಸದ ಅಂಗಸಂಸ್ಥೆ ಹೈಸಿಲಿಕಾನ್ 2004ರಲ್ಲೇ ಹುಟ್ಟಿತ್ತು. ಇತರರು ಕೊಡುವುದನ್ನು ನಿಲ್ಲಿಸಿದರೆ ನಮ್ಮದು ಇರಬೇಕು ಎಂದು ರೆನ್ 2012ರಲ್ಲೇ ಸಂಶೋಧಕರಿಗೆ ಹೇಳಿದ್ದರು. ನಿರ್ಬಂಧ ಬಂದ ರಾತ್ರಿ ಹೈಸಿಲಿಕಾನ್ ಮುಖ್ಯಸ್ಥೆ ಹೆ ಟಿಂಗ್‌ಬೋ ಸಿಬ್ಬಂದಿಗೆ ಬರೆದ ಪತ್ರದಲ್ಲಿ, ಇಷ್ಟು ವರ್ಷ ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಟಯರುಗಳೆಲ್ಲ ಒಂದೇ ರಾತ್ರಿಯಲ್ಲಿ ಗಾಡಿಗೆ ಏರಿದವು ಎಂಬ ಅರ್ಥದ ಮಾತಿತ್ತು.

ಸ್ಟೆಪ್ನಿಯ ಕತೆ ಎಲ್ಲರೂ ಹೇಳುತ್ತಾರೆ. ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು 2023ರಲ್ಲಿ ರೆನ್ ಕೊಟ್ಟ ಇನ್ನೊಂದು ಲೆಕ್ಕ. ಮೂರು ವರ್ಷದಲ್ಲಿ 13,000ಕ್ಕೂ ಹೆಚ್ಚು ಬಿಡಿಭಾಗಗಳನ್ನು ದೇಶಿ ಭಾಗಗಳಿಂದ ಬದಲಿಸಿ, 4,000ಕ್ಕೂ ಹೆಚ್ಚು ಸರ್ಕ್ಯೂಟ್ ಬೋರ್ಡುಗಳನ್ನು ಹೊಸದಾಗಿ ವಿನ್ಯಾಸ ಮಾಡಿದರಂತೆ. ಯಾವ ಬೋರ್ಡಿನಲ್ಲಿ ಯಾವ ಭಾಗ ಏಕೆ ಕೂತಿದೆ ಎಂಬುದು ಬರಹದಲ್ಲಿಲ್ಲದೆ ಕೆಲವು ಹಿರಿಯರ ನೆನಪಿನಲ್ಲಿ ಮಾತ್ರ ಇದ್ದಿದ್ದರೆ ಇದು ಆಗುವ ಕೆಲಸವೇ ಅಲ್ಲ. ಇಲ್ಲಿ ದುಡಿದದ್ದು ಇಪ್ಪತ್ತು ವರ್ಷ ಹಿಂದೆ ಶಪಿಸುತ್ತಾ ಹಾಕಿಕೊಂಡ ಅಮೆರಿಕದ ಬೂಟೇ ಎಂಬುದು ನನ್ನ ಓದು. ಅಮೆರಿಕ ಕಡಿದ ಹಗ್ಗವನ್ನು ಅಮೆರಿಕ ಕಲಿಸಿದ ಗಂಟಿನಿಂದಲೇ ಕಟ್ಟಿದರು. 2023ರ ಆಗಸ್ಟಿನಲ್ಲಿ ಚೀನಾದಲ್ಲೇ ತಯಾರಾದ ಚಿಪ್ಪಿನೊಂದಿಗೆ ಮೇಟ್ 60 ಪ್ರೊ ಫೋನು ಅಂಗಡಿಗೆ ಬಂತು. 2024ರ ಆದಾಯ 86,210 ಕೋಟಿ ಯುವಾನ್, ಅದರಲ್ಲಿ ಸಂಶೋಧನೆಗೆ ಹೋದದ್ದು 17,970 ಕೋಟಿ.

ಆದರೂ ಒಂದು ಮಾತು ಬಾಕಿ. ಐಪಿಡಿ ಒಳ್ಳೆಯ ಎತ್ತಿನಗಾಡಿ, ಹಾದಿ ಇರುವ ಕಡೆಗೆ. ಗ್ರಾಹಕನಿಗೆ ಬೇಕಾದ್ದು ಗೊತ್ತಿದ್ದರೆ, ಮುಂದೆ ಎರಿಕ್ಸನ್ ಹೋಗುತ್ತಿದ್ದರೆ, ಹಿಂದಿನವನು ಶಿಸ್ತಿನಿಂದ ಮುಟ್ಟಬಲ್ಲ. 2016ರ ಮೇ ತಿಂಗಳಲ್ಲಿ ಬೀಜಿಂಗ್‌ನ ವಿಜ್ಞಾನ ಸಮಾವೇಶದಲ್ಲಿ ರೆನ್ ಸ್ವತಃ ಒಪ್ಪಿಕೊಂಡರು: ನಾವು ಯಾರೂ ಇಲ್ಲದ ಬಯಲಿಗೆ ಬಂದಿದ್ದೇವೆ, ದಾರಿ ತೋರುವವರಿಲ್ಲ, ದಿಕ್ಕು ತೋಚುತ್ತಿಲ್ಲ. 5ಜಿಯಲ್ಲಿ ಹುವಾವೆಯ ದೊಡ್ಡ ಹೆಮ್ಮೆಯಾದ, ಸಂಕೇತದಲ್ಲಿ ನುಸುಳುವ ತಪ್ಪುಗಳನ್ನು ತಿದ್ದುವ ಪೋಲಾರ್ ಕೋಡ್‌ನ ಮೂಲ ಗಣಿತ ಅದರ ಲ್ಯಾಬಿನದಲ್ಲ. ತುರ್ಕಿಯ ಅಂಕಾರಾದ ಬಿಲ್ಕೆಂಟ್ ವಿಶ್ವವಿದ್ಯಾಲಯದಲ್ಲಿ ಎರ್ದಾಲ್ ಅರಿಕಾನ್ ಎಂಬ ಪ್ರಾಧ್ಯಾಪಕರು ವರ್ಷಗಟ್ಟಲೆ ಒಬ್ಬರೇ ಕೂತು ಬಿಡಿಸಿ, 2009ರಲ್ಲಿ ಪ್ರಕಟಿಸಿದ್ದು. ಯಾವ ಹೂಡಿಕೆ ಸಮಿತಿಯ ಯಾವ ಕಟ್ಟೆಯನ್ನೂ ಆ ಕೆಲಸ ದಾಟುತ್ತಿರಲಿಲ್ಲ. ಹುವಾವೆ ಅದನ್ನು ಎತ್ತಿಕೊಂಡು ಉಪಯೋಗಕ್ಕೆ ಬರುವಂತೆ ಪಳಗಿಸಿತು, 2016ರಲ್ಲಿ ಅದು 5ಜಿ ಮಾನದಂಡದೊಳಗೆ ಸೇರಿತು.

2018ರ ಜುಲೈನಲ್ಲಿ ಅರಿಕಾನ್ ಅವರನ್ನು ಶೆನ್‌ಜೆನ್‌ಗೆ ಕರೆಸಿದರು. ಗುಜರಿ ಬೋರ್ಡುಗಳನ್ನು ಬಹುಮಾನ ಕೊಟ್ಟ ಅದೇ ನಗರ, ಹದಿನೆಂಟು ವರ್ಷಗಳ ನಂತರ. ಈ ಬಾರಿ ವೇದಿಕೆಗೆ ಹತ್ತಿದವರು ಕಂಪನಿಯ ನೌಕರರಲ್ಲದ ಒಬ್ಬ ತುರ್ಕಿ ಗಣಿತಜ್ಞ. ಕೈಗೆ ಕೊಟ್ಟದ್ದು ಪ್ಯಾರಿಸ್ಸಿನ ಟಂಕಸಾಲೆಯಲ್ಲಿ ಮಾಡಿಸಿದ ಪದಕ. ಕೊಟ್ಟವರು ರೆನ್ ಝೆಂಗ್‌ಫೇಯ್.